ಎಡಕ್ಕೆ ತಿರುಗಿದರೆ ಕಾಸಾಕಿಚಿ ಬದುಕಿರುತ್ತಾನೆ

ಟೋಕಿಯೊ
ಜೂನ್ 14, 2016

ಮಾನ್ಯ ಕಿತಾಜಿಮಾ ಚಿಕಾಕೊ ಅವರಿಗೆ,

ಎಳೆಚಿಗುರಿನ ಮೇಲೆ ಹೊಂಬಿಸಿಲು ನಲಿಯುತ್ತಿರುವ ಈ ದಿನಗಳಲ್ಲಿ ತಾವು ಆರೋಗ್ಯದಿಂದಿರುವಿರೆಂದು ನಂಬಿದ್ದೇನೆ.

ನನ್ನ ಹೆಸರು ನಾಗುಮೊ ಟಕುಯಾ, ವಯಸ್ಸು ಇಪ್ಪತ್ತೇಳು. ಸಿನಿಮಾಗಳಿಗೆ ಪ್ರಚಾರ ಮಾಡುವ ಒಂದು ಸಣ್ಣ ಕಂಪನಿಯಲ್ಲಿ ಕೆಲಸ. ತಾವು ಕ್ಯೋಟೊದಲ್ಲಿ ದುಡಿದ ಕಂಪನಿ 1985ರಲ್ಲಿ ಮಾಡಿದ ‘ಕಾಸಾಕಿಚಿ’ ವಿಡಿಯೋ ಗೇಮ್ ಈಗ ಆನಿಮೇಷನ್ ಸಿನಿಮಾ ಆಗುತ್ತಿದೆ. ಹರಿದ ಕೊಡೆ ರಿಪೇರಿ ಮಾಡುತ್ತಾ, ಕೆಂಪು ಕೊಡೆ ಹಿಡಿದು ಛಾವಣಿಯಿಂದ ಛಾವಣಿಗೆ ಹಾರುವ ಆ ಪುಟ್ಟ ಮನುಷ್ಯನ ಜೊತೆಯೇ ನಾನು ಬೆಳೆದವನು. ಬರುವ ಮಾರ್ಚ್ 18ಕ್ಕೆ ಬಿಡುಗಡೆ.

ಮೊದಲ ವಾರ ಬರುವ ಪ್ರೇಕ್ಷಕರಿಗೆ ಬಾಗಿಲಲ್ಲೇ ಒಂದು ಕಿರುಪುಸ್ತಕ ಕೊಡುತ್ತೇವೆ: ‘ಕಾಸಾಕಿಚಿಯ ಬಗ್ಗೆ ನಿಮಗೆ ಗೊತ್ತಿಲ್ಲದ ನೂರು ಸಂಗತಿಗಳು’. ಅದನ್ನು ಬರೆಯುವ ಭಾಗ್ಯ ನನ್ನದು. ಸದ್ಯಕ್ಕೆ ಎಂಬತ್ತಮೂರು ಸಿಕ್ಕಿವೆ. ತಮ್ಮ ಕಂಪನಿ ಮುಚ್ಚಿ ಹದಿನೆಂಟು ವರ್ಷವಾಯಿತು, ಮುಖ್ಯಸ್ಥರಾಗಿದ್ದ ಮಕಾಬೆಯವರು ತೀರಿಕೊಂಡು ಆರು ವರ್ಷ. ಹಳೆಯ ಸಿಬ್ಬಂದಿ ಪಟ್ಟಿಯಲ್ಲಿ ಈಗಲೂ ಕಾಗದ ತಲುಪುವ ವಿಳಾಸ ತಮ್ಮದೊಂದೇ. ಪಟ್ಟಿಯಲ್ಲಿ ತಮ್ಮ ಹೆಸರಿನ ಮುಂದೆ ‘ಚಹಾ, ಟೆಲಿಫೋನ್’ ಎಂದಿದೆ. ಮಕಾಬೆಯಂಥ ಪ್ರತಿಭಾವಂತರಿಗೆ ದಿನವೂ ಚಹಾ ಕೊಟ್ಟ ತಮ್ಮ ಕಿವಿಗೆ ಏನಾದರೂ ಬಿದ್ದಿರಬಹುದಲ್ಲವೇ? ದಯಮಾಡಿ ತಿಳಿಸಿ.

ವಿನೀತ,
ನಾಗುಮೊ ಟಕುಯಾ


ನಿಶಿಜಿನ್, ಕ್ಯೋಟೊ
ಜೂನ್ 21, 2016

ನಾಗುಮೊ ಅವರಿಗೆ,

ಇಲ್ಲಿ ಎಂಟು ದಿನದಿಂದ ಬಿಡದೆ ಮಳೆ. ಒಗೆದ ಬಟ್ಟೆ ಅಡುಗೆಮನೆಯಲ್ಲಿ ನೇತಾಡುತ್ತಿದೆ. ನಿಮ್ಮ ಕಡೆ ಹೊಂಬಿಸಿಲು ನಲಿಯುತ್ತಿದ್ದರೆ ಸ್ವಲ್ಪ ಕಟ್ಟಿ ಕಳಿಸಿ.

ಕಾಸಾಕಿಚಿಯನ್ನು ಇನ್ನೂ ಜನ ನೆನಪಿಟ್ಟುಕೊಂಡಿದ್ದಾರೆ ಎಂದು ಓದಿ ಒಂದು ಕ್ಷಣ ಸೂಜಿ ಕೆಳಗಿಟ್ಟೆ. ನಿಲುವಂಗಿಯ ಮೇಲೆ ಕಟ್ಟುವ ಹಳೆಯ ನಡುಪಟ್ಟಿಗಳ ರೇಷ್ಮೆಯಲ್ಲಿ ಕೈಚೀಲ ಹೊಲಿದು ಮಾರುವುದು ಈಗ ನನ್ನ ಕೆಲಸ. ಚಹಾ ಕೊಡುವವಳ ಕಿವಿಗೆ ಬಿದ್ದ ಮೂರು ಸಂಗತಿ ಬರೆಯುತ್ತೇನೆ.

ಒಂದು: ಕಾಸಾಕಿಚಿ ತಲೆಗೆ ಟವೆಲ್ ಸುತ್ತಿಕೊಂಡಿರುವುದು ಸೆಕೆಗಲ್ಲ. ಅವನ ಇಡೀ ಮೈ ಹದಿನಾರು ಚೌಕ ಅಗಲ, ಹದಿನಾರು ಚೌಕ ಎತ್ತರ. ಕೂದಲು ಬರೆಯಲು ಹೋದರೆ ಹಣೆ ಮಾಯವಾಗುತ್ತಿತ್ತು. ಟವೆಲ್ ಸುತ್ತಿದರೆ ಎಲ್ಲ ಜಗಳ ಮುಗಿಯಿತು.

ಎರಡು: ಕೊಡೆ ಕೆಂಪಾಗಿರುವುದು ಚಂದಕ್ಕಲ್ಲ. ಒಬ್ಬನಿಗೆ ಮೂರೇ ಬಣ್ಣ ಎಂಬುದು ಯಂತ್ರದ ಕಟ್ಟಪ್ಪಣೆ. ಕೆನ್ನೆಗೆ ಕೆಂಪು ಬೇಕೇ ಬೇಕಾಗಿತ್ತು. ಉಳಿದ ಕೆಂಪು ಕೊಡೆಗೂ ಚಪ್ಪಲಿ ದಾರಕ್ಕೂ ಹೋಯಿತು.

ಮೂರು: ಕೊನೆಯಲ್ಲಿ ಬರುವ ಕಪ್ಪೆರಾಯನ ಹೊಟ್ಟೆ ಬೇರೇನೂ ಅಲ್ಲ, ಮೊದಲ ಹಂತದ ಚಹಾದಂಗಡಿಯ ಛಾವಣಿ, ತಲೆಕೆಳಗು.

ಒಂದು ಮಾತು. ನನ್ನ ತಂದೆಗೆ ಎಂಬತ್ತೆಂಟು ವರ್ಷ. ಈ ಮನೆಗೆ ಬರುವ ಕಾಗದಗಳೆಲ್ಲ ಮೊದಲು ಅವರ ಕೈಗೆ. ಲಕೋಟೆಯ ಮೇಲೆ ಸಿನಿಮಾ ಗಿನಿಮಾ ಅಂತ ಏನೂ ಇರದಿದ್ದರೆ ಒಳ್ಳೆಯದು.

ಕಿತಾಜಿಮಾ ಚಿಕಾಕೊ


ಟೋಕಿಯೊ
ಜುಲೈ 5, 2016

ಮಾನ್ಯ ಚಿಕಾಕೊ ಅವರಿಗೆ,

ಹೋದ ಸಲದ ಹೊಂಬಿಸಿಲಿಗೆ ಕ್ಷಮೆ ಇರಲಿ. ಆಫೀಸಿನಲ್ಲಿ ‘ಪತ್ರದ ಮೊದಲ ಸಾಲುಗಳು’ ಎಂಬ ಪುಸ್ತಕವಿದೆ. ಯಾವ ತಿಂಗಳಿಗೆ ಯಾವ ಋತುವಿನ ಮಾತು ಬರೆಯಬೇಕೆಂದು ಅದರಲ್ಲಿ ನೋಡಿ ಬರೆದಿದ್ದೆ. ಒಂದು ಪುಟ ಹಿಂದೆ ತೆರೆದಿದ್ದೆನೆಂದು ಕಾಣುತ್ತದೆ. ಈ ಸಲ ಸರಿಯಾಗಿ ನೋಡಿದ್ದೇನೆ: ಕಪ್ಪೆಗಳ ಗಾನಕ್ಕೆ ತಾವರೆ ತಲೆದೂಗುವ ಕಾಲ ಬಂತು.

ತಮ್ಮ ಮೂರು ಸಂಗತಿಗಳನ್ನು ಓದಿ ನಮ್ಮ ಆಫೀಸಿನಲ್ಲಿ ಜನ ಎದ್ದು ನಿಂತರು. ಕಪ್ಪೆರಾಯನ ಹೊಟ್ಟೆಯನ್ನು ಪರದೆಯ ಮೇಲೆ ತಿರುಗಿಸಿ ನೋಡಿದೆವು. ಹೌದು, ಛಾವಣಿಯೇ! ಮೂವತ್ತು ವರ್ಷ ನಾವು ಒಂದು ಚಹಾದಂಗಡಿಯನ್ನು ಹೊಡೆಯುತ್ತಿದ್ದೆವು.

ತಂದೆಯವರ ವಿಷಯ ಅರ್ಥವಾಯಿತು. ಮಗಳಿಗೆ ಅಪರಿಚಿತ ಗಂಡಸಿನ ಕಾಗದ ಬಂದರೆ ಹಿರಿಯರಿಗೆ ಇರಿಸುಮುರಿಸಾಗುವುದು ಸಹಜ. ಹಾಗಾಗಿ ಹೂವಿನ ಲಕೋಟೆ ತಂದಿದ್ದೇನೆ, ಕಳಿಸಿದವರ ಜಾಗದಲ್ಲಿ ‘ನಾಗುಮೊ ಟಕುಕೊ’ ಎಂದು ಹೆಣ್ಣು ಹೆಸರು ಬರೆದಿದ್ದೇನೆ.

ಈಗ ಮುಖ್ಯ ವಿಷಯ. ನೂರನೆಯ ಸಂಗತಿ ಯಾವುದೆಂದು ಆಗಲೇ ನಿರ್ಧಾರವಾಗಿದೆ. ಕಾಸಾಕಿಚಿಯ ನಿಲುವಂಗಿಯಲ್ಲಿ ಬಲ ಅಂಚು ಎಡ ಅಂಚಿನ ಮೇಲೆ ಬಂದಿದೆಯಲ್ಲ? ಬದುಕಿರುವವರು ಹಾಗೆ ಉಡುವುದಿಲ್ಲ, ಹೆಣಕ್ಕೆ ಮಾತ್ರ ಹಾಗೆ ಉಡಿಸುವುದು. ಅಂದರೆ ಕಾಸಾಕಿಚಿ ಸತ್ತವನು. ನಮ್ಮ ಸಿನಿಮಾದ ಕಥೆ ನಿಂತಿರುವುದೇ ಅದರ ಮೇಲೆ: ಅವನು ಸತ್ತವರ ನದಿಯ ದಡದಲ್ಲಿ ಕೂತು, ದಾಟಿ ಹೋಗುವವರ ಕೊಡೆ ರಿಪೇರಿ ಮಾಡಿಕೊಡುತ್ತಾನೆ. ‘ಮೊದಲ ದಿನದಿಂದಲೇ ಅವನು ಸತ್ತಿದ್ದ’ ಎಂದು ಪೋಸ್ಟರ್ ಕೂಡ ಬರೆಸಾಗಿದೆ. 1987ರ ಒಂದು ಪತ್ರಿಕೆಯಲ್ಲಿ ಮಕಾಬೆಯವರೇ ಹೇಳಿದ್ದಾರೆ: ‘ಆ ಚಿತ್ರ ನಾನೇ ಬರೆದದ್ದು. ಅಂಚು ಬೇಕೆಂದೇ ಹಾಗೆ ಬರೆದೆ. ಕಾರಣ ಕೇಳಬೇಡಿ.’ ತೀರಿಹೋದ ಯಾರನ್ನೋ ನೆನೆದು ಬರೆದಿರಬೇಕೆಂದು ನಮ್ಮ ಊಹೆ. ತಮಗೆ ಗೊತ್ತೇ?

ಟಕುಯಾ


ನಿಶಿಜಿನ್
ಜುಲೈ 19, 2016

ನಾಗುಮೊ ಅವರಿಗೆ,

ತಾವರೆಯೂ ಇಲ್ಲ, ಕಪ್ಪೆಯೂ ಇಲ್ಲ. ಗಿಯೊನ್ ಹಬ್ಬದ ಗದ್ದಲ, ಸೆಕೆಗೆ ಬೆಕ್ಕು ಕೂಡ ಕಲ್ಲಿನ ಮೇಲೆ ಚಪ್ಪಟೆ ಬಿದ್ದಿದೆ. ಆ ಪುಸ್ತಕ ಬರೆದವನು ಕ್ಯೋಟೊಗೆ ಕಾಲಿಟ್ಟವನಲ್ಲ.

ನನಗೆ ಐವತ್ತಾರು ವರ್ಷ ಕಣ್ರೀ. ಪರಗಂಡಸಿನ ಕಾಗದ ಬಂದರೆ ಅಪ್ಪ ಬೀದಿಗೆಲ್ಲ ಸಿಹಿ ಹಂಚಿಯಾರು. ನಿಮ್ಮ ಹೂವಿನ ಲಕೋಟೆಯನ್ನು ಬೆಳಕಿಗೆ ಹಿಡಿದು ಕೇಳಿದರು:

“ಯಾರೇ ಈ ಟಕುಕೊ? ಹೋರಿ ತುಳಿದ ಹಾಗಿದೆ ಅಕ್ಷರ. ಮದುವೆ ಆಗಿದ್ಯೋ ಇಲ್ವೋ ಪಾಪ.”

“ಕೈಚೀಲ ಕೇಳಿದ್ದಾಳೆ ಅಪ್ಪ.”

“ಚೀಲ ಆಮೇಲೆ ಕೊಡು. ಮೊದ್ಲು ಒಂದು ಕಾಪಿ ಪುಸ್ತಕ ಕಳ್ಸು.”

ಇನ್ನಷ್ಟು ಸಂಗತಿ ಬೇಕಲ್ಲವೇ? 1987ರಲ್ಲಿ ಟಿವಿಗೆ ಬಂದ ಕಾರ್ಟೂನಿನಲ್ಲಿ ಕಾಸಾಕಿಚಿ ಮೂಗಿನಲ್ಲಿ ಮಾತಾಡುತ್ತಾನೆ. ಅದು ನಟನೆಯಲ್ಲ. ಕಂಠ ಕೊಟ್ಟ ಹೆಂಗಸಿಗೆ ಮೊದಲ ದಿನ ನೆಗಡಿಯಾಗಿತ್ತು. ಮಕ್ಕಳಿಗೆ ಆ ದನಿಯೇ ಹಿಡಿಸಿಬಿಟ್ಟಿತು. ನೆಗಡಿ ಬಿಟ್ಟ ಮೇಲೆ ಇಪ್ಪತ್ತೈದು ವಾರ ಆಕೆ ಮೂಗಿಗೆ ಹತ್ತಿ ತುರುಕಿಕೊಂಡು ದುಡಿದಳು. ಅಮೆರಿಕಕ್ಕೆ ಹೋದಾಗ ಡಬ್ಬದ ಮೇಲೆ ಅವನಿಗೆ ಮೀಸೆ ಬಂತು, ತೋಳು ತೊಡೆಯಷ್ಟು ದಪ್ಪವಾಯಿತು. ಅದನ್ನು ನೋಡಿ ಮಕಾಬೆಯವರು, “ಇವ್ನು ಕೊಡೆ ರಿಪೇರಿ ಮಾಡಲ್ಲ, ಕೊಡೆ ಇಟ್ಕೊಂಡೋರ್ನ ರಿಪೇರಿ ಮಾಡ್ತಾನೆ” ಅಂದಿದ್ದರು. ಆಟದ ಕೊನೆಯಲ್ಲಿ ಬರುವ ಹೆಸರುಗಳೆಲ್ಲ ಮೀನುಗಳ ಹೆಸರು. ಆಗಿನ ಕಾಲಕ್ಕೆ ನಿಜವಾದ ಹೆಸರು ಹಾಕಿದರೆ ಬೇರೆ ಕಂಪನಿಯವರು ಬಂದು ಜನರನ್ನು ಹಾರಿಸಿಕೊಂಡು ಹೋಗುತ್ತಿದ್ದರು. ಮಕಾಬೆಯವರಿಗೆ ಗಾಳ ಹಾಕುವ ಹುಚ್ಚು. ಎಲ್ಲರಿಗೂ ಒಂದೊಂದು ಮೀನು ಹಂಚಿದರು.

ಇನ್ನೊಂದು ಯಾರಿಗೂ ಗೊತ್ತಿರಲಾರದು. ಅವನ ಎಡಗೈಗೆ ನಾಲ್ಕು ಚೌಕ, ಬಲಗೈಗೆ ಮೂರೇ. ನಾಲ್ಕನೆಯದನ್ನು ಹಾಕಿದರೆ ಕೊಡೆಯ ಹಿಡಿ ಕೈಯೊಳಗೆ ಹೂತುಹೋದ ಹಾಗೆ ಕಾಣುತ್ತಿತ್ತು. ಎರಡು ದಿನ ಇಟ್ಟು ತೆಗೆದು, ಇಟ್ಟು ತೆಗೆದು ಮಾಡಿದ ಮೇಲೆ ಮೂರಕ್ಕೇ ನಿಂತಿತು.

ಅಂಚಿನ ವಿಷಯ ಬಿಟ್ಟುಬಿಡಿ. ಚಹಾ ಕೊಡುವವಳಿಗೆ ಅದೆಲ್ಲ ಹೇಗೆ ಗೊತ್ತಾಗಬೇಕು?

ಚಿಕಾಕೊ


ಟೋಕಿಯೊ
ಆಗಸ್ಟ್ 9, 2016

ಮಾನ್ಯ ಚಿಕಾಕೊ ಅವರಿಗೆ,

ಶರತ್ಕಾಲದ ತಂಗಾಳಿ ಬೀಸತೊಡಗಿದೆ. (ಆಫೀಸಿನಲ್ಲಿ ಮೂವತ್ತಾರು ಡಿಗ್ರಿ. ಆದರೆ ಹಳೆಯ ಪಂಚಾಂಗದ ಪ್ರಕಾರ ಮೊನ್ನೆಯಿಂದ ಶರತ್ಕಾಲವೇ. ಈ ಸಲ ತಪ್ಪು ಪುಸ್ತಕದ್ದಲ್ಲ, ಆಕಾಶದ್ದು.)

ಸಂಗತಿಗಳ ಸಂಖ್ಯೆ ತೊಂಬತ್ತೆಂಟಕ್ಕೆ ಮುಟ್ಟಿತು. ಮಕಾಬೆಯವರು ತಮಗೆ ಎಷ್ಟೆಲ್ಲ ಹೇಳಿಕೊಳ್ಳುತ್ತಿದ್ದರು! ಬಲಗೈಯ ಮೂರು ಚೌಕಕ್ಕಾಗಿ ಎರಡು ದಿನ ಒದ್ದಾಡಿದ ಆ ಮಹಾನುಭಾವರ ಪಕ್ಕ ಚಹಾ ಹಿಡಿದು ನಿಂತಿದ್ದ ತಮ್ಮ ಚಿತ್ರ ನನ್ನ ಕಣ್ಣ ಮುಂದಿದೆ.

ಒಂದು ಸಿಹಿಸುದ್ದಿ. ತಮ್ಮ ಕಂಪನಿಯ ಹಳೆಯ ಪೆಟ್ಟಿಗೆಯಲ್ಲಿ ಕಾಸಾಕಿಚಿಯ ಮೂಲಚಿತ್ರ ಸಿಕ್ಕಿತು! ಚೌಕಳಿ ಕಾಗದದ ಮೇಲೆ ಕುಂಚದಲ್ಲಿ ತುಂಬಿದ್ದಾರೆ. ನಕಲು ಜೊತೆಗಿಟ್ಟಿದ್ದೇನೆ. ಮೂಲೆಯಲ್ಲಿ ‘ಅಯು’ ಎಂದು ಮೀನಿನ ಹೆಸರಿದೆ, ಆಟದ ಕೊನೆಯಲ್ಲಿ ‘ಚಿತ್ರ: ಅಯು’ ಎಂದಿರುವಂತೆಯೇ. ಅಯು ಅಂದರೆ ಮಕಾಬೆಯವರೇ ಎಂದು ನಮ್ಮವರು ನಿರ್ಧರಿಸಿದ್ದಾರೆ. ಸಿನಿಮಾದ ಕೊನೆಯ ಹೆಸರುಪಟ್ಟಿಯಲ್ಲಿ ‘ಮೂಲಚಿತ್ರ: ಮಕಾಬೆ’ ಎಂದು ಬರುತ್ತದೆ. ಮೂವತ್ತು ವರ್ಷದ ಮೇಲೆ ಆ ಮೀನಿಗೆ ಮನುಷ್ಯನ ಹೆಸರು ಸಿಗುತ್ತಿದೆ. ತಮಗೆ ಸಂತೋಷವಲ್ಲವೇ?

ಟಕುಯಾ (ಲಕೋಟೆಯ ಮೇಲೆ ಟಕುಕೊ. ಅಕ್ಷರ ತಿದ್ದಿಕೊಳ್ಳುತ್ತಿದ್ದೇನೆ.)


ಟೋಕಿಯೊ
ಸೆಪ್ಟೆಂಬರ್ 20, 2016

ಮಾನ್ಯ ಚಿಕಾಕೊ ಅವರಿಗೆ,

ಆರು ವಾರ ತಮ್ಮಿಂದ ಉತ್ತರವಿಲ್ಲ. ನನ್ನ ಕಾಗದವನ್ನು ಹತ್ತು ಸಲ ಓದಿಕೊಂಡೆ. ಆಕಾಶದ ಮೇಲೆ ತಪ್ಪು ಹೊರಿಸಿದ್ದು ಉದ್ಧಟತನವಾಯಿತೇ? ಅಥವಾ ಚಹಾ ಹಿಡಿದು ನಿಂತಿದ್ದಿರಿ ಎಂದದ್ದು? ಅದಕ್ಕೇ ಈ ಸಲ ಋತುವಿನ ಗೊಡವೆಗೇ ಹೋಗಿಲ್ಲ. ಅಸಾಕುಸಾದ ಕುರುಕಲು ತಿಂಡಿಯ ಒಂದು ಪೊಟ್ಟಣ ಕಳಿಸಿದ್ದೇನೆ. ತಂದೆಯವರಿಗೆ ಹಲ್ಲು ನೋಯುವಂತಿದ್ದರೆ ಚಹಾದಲ್ಲಿ ಅದ್ದಿ ಕೊಡಿ.

ಟಕುಯಾ


ಟೋಕಿಯೊ
ಅಕ್ಟೋಬರ್ 24, 2016

ಚಿಕಾಕೊ ಅವರಿಗೆ,

ನಿನ್ನೆ ಮಧ್ಯಾಹ್ನ ಶಿಂಜುಕುವಿನ ಒಂದು ದೊಡ್ಡ ಅಂಗಡಿಯಲ್ಲಿ ಕ್ಯೋಟೊ ಕುಶಲಕಲೆಗಳ ಪ್ರದರ್ಶನವಿತ್ತು. ಮ್ಯಾನೇಜರ್ ತಮ್ಮ ಹೆಂಡತಿಗೆ ಉಡುಗೊರೆ ತರಲು ಕಳಿಸಿದ್ದರಿಂದ ಹೋದೆ. ನೇಕಾರರ ಕೇರಿಯೆಂದೇ ಹೆಸರಾದ ನಿಶಿಜಿನ್‌ನ ಒಬ್ಬ ಮುದುಕ ಮಗ್ಗದಲ್ಲಿ ಕೂತು ನಡುಪಟ್ಟಿ ನೇಯುತ್ತಿದ್ದ. ಮೇಲೆಲ್ಲ ಬರೀ ದಾರದ ತುದಿಗಳು, ಗೋಜಲು. ನಾನು ಅಂದೆ:

“ತಾತಾ, ಡಿಸೈನ್ ಎಲ್ಲಿ?”

“ಕೆಳಗಿದೆ ಕಣಪ್ಪ. ನಾವು ನೇಯೋದು ಹಿಂಬದಿಯಿಂದ. ಬಗ್ಗಿ ಕನ್ನಡಿ ನೋಡು.”

ಮಗ್ಗದಡಿ ಕೈಗನ್ನಡಿ ಇಟ್ಟಿದ್ದ. ಅದರಲ್ಲಿ ಕೊಕ್ಕರೆಯೊಂದು ಹಾರುತ್ತಿತ್ತು. ಪಕ್ಕದಲ್ಲಿ ನೋಡಿಕೊಂಡು ನೇಯುವ ಕಾಗದ: ಚೌಕಳಿ, ಕುಂಚದಲ್ಲಿ ತುಂಬಿದ್ದು. ಎಂಟೆಂಟು ಚೌಕಕ್ಕೆ ಅಂಚಿನಲ್ಲಿ ಕೆಂಪು ಚುಕ್ಕಿ. ಅದರಲ್ಲಿ ಕೊಕ್ಕರೆ ಬಲಕ್ಕೆ ಹಾರುತ್ತಿದ್ದರೆ ಬಟ್ಟೆಯಲ್ಲಿ ಎಡಕ್ಕೆ.

“ಉಲ್ಟಾ ಬರೀತಾರಾ?” ಅಂದೆ.

“ನಮ್ಮಲ್ಲಿ ಹಾಗೇ ಅಭ್ಯಾಸ. ಹತ್ತು ವರ್ಷ ಬರೆದ್ರೆ ಆಮೇಲೆ ನೇರ ಬರಿ ಅಂದ್ರೂ ಕೈ ಕೇಳಲ್ಲ” ಅಂದ.

ಉಡುಗೊರೆ ಮರೆತು ಆಫೀಸಿಗೆ ಓಡಿದೆ. ಕಾಸಾಕಿಚಿಯ ಮೂಲಚಿತ್ರ ತೆಗೆದು ನೋಡಿದೆ. ಅದೇ ಕುಂಚ, ಅದೇ ಕೆಂಪು ಚುಕ್ಕಿ. ಕಾಗದ ತಿರುಗಿಸಿ ಕಿಟಕಿಗೆ ಹಿಡಿದೆ. ಅಂಚು ಸರಿಯಾಯಿತು! ಕಾಸಾಕಿಚಿ ಸತ್ತಿರಲಿಲ್ಲ. ಅವನನ್ನು ಹಿಂಬದಿಯಿಂದ ಬರೆದಿದ್ದರು, ಅಷ್ಟೇ.

ಮಕಾಬೆಯವರು ರೇಡಿಯೋ ರಿಪೇರಿಯಿಂದ ಬಂದವರು, ಮಗ್ಗ ಮುಟ್ಟಿದವರಲ್ಲ. ನಾನು ನಾಲ್ಕು ತಿಂಗಳಿಂದ ಕಾಗದ ಬರೆಯುತ್ತಿರುವುದು ನಿಶಿಜಿನ್‌ನ ವಿಳಾಸಕ್ಕೆ. ಇಷ್ಟು ದಡ್ಡನೆಂದು ನನಗೇ ಗೊತ್ತಿರಲಿಲ್ಲ.

ಅಯು ತಾವೇ ಅಲ್ಲವೇ? ಹೆಸರುಪಟ್ಟಿಗೆ ಜನವರಿ 20 ಕಡೆಯ ದಿನ. ಅಲ್ಲಿ ತಮ್ಮ ಹೆಸರು ಬರಬೇಕು.

ಟಕುಯಾ


ನಿಶಿಜಿನ್
ಅಕ್ಟೋಬರ್ 30, 2016

ನಾಗುಮೊ,

ಬೇಡ. ಯಾರಿಗೂ ಹೇಳಬೇಡ. ಸಿಟ್ಟು ಬಂದಿದೆ, ಅದಕ್ಕೇ ಏಕವಚನ. ತಪ್ಪು ತಿಳಿಯಬೇಡ, ಸಿಟ್ಟು ನಿನ್ನ ಮೇಲೆ ಅರ್ಧ, ನನ್ನ ಮೇಲೆ ಅರ್ಧ.

ಹೌದು, ನಾನೇ. ನನ್ನ ತಂದೆ ಈ ಬೀದಿಯಲ್ಲಿ ಡಿಸೈನ್ ಬರೆಯುವವರಲ್ಲೇ ದೊಡ್ಡ ಹೆಸರು. ಹದಿನೈದನೇ ವಯಸ್ಸಿನಿಂದ ಹತ್ತು ವರ್ಷ ಅವರ ಪಕ್ಕ ಕೂತು ಚೌಕ ತುಂಬಿದೆ. ಒಂದು ಚೌಕ ತಪ್ಪಿದರೆ ಕಾಗದ ಹರಿದು, “ಮೊದ್ಲಿಂದ” ಅನ್ನುತ್ತಿದ್ದರು. ಆಮೇಲೆ ನಡುಪಟ್ಟಿ ಕೇಳುವವರೇ ಇಲ್ಲವಾದರು. ಮಕಾಬೆಯವರ ಕಂಪನಿ ‘ಚೌಕ ತುಂಬಲು ಬರುವವರು ಬೇಕು’ ಎಂದು ಹಾಕಿದ್ದ ಜಾಹೀರಾತು ನೋಡಿ ಹೋದೆ. ಟಿವಿ ಆಟಿಕೆಗೆ ಚಿತ್ರ ಬರೆಯುತ್ತೇನೆ ಎಂದು ಅಪ್ಪನಿಗೆ ಹೇಳಲು ಬಾಯಿ ಬರಲಿಲ್ಲ. ಚಹಾ ಕೊಡುತ್ತೇನೆ, ಫೋನ್ ಎತ್ತುತ್ತೇನೆ ಅಂದೆ. ಮನೆಗೆ ಫೋನ್ ಬಂದರೂ ಅದನ್ನೇ ಹೇಳಿ ಎಂದು ಮಕಾಬೆಯವರನ್ನು ಬೇಡಿಕೊಂಡೆ. ಅವರು ಸಿಬ್ಬಂದಿ ಪಟ್ಟಿಯಲ್ಲೂ ಹಾಗೇ ಬರೆಸಿದರು.

ಆಟ ಅಂಗಡಿಗೆ ಬಂದ ದಿನ ನೋಡಲು ಹೋದೆ. ಗಾಜಿನೊಳಗೆ ಕಾಸಾಕಿಚಿ ನಡೆಯುತ್ತಿದ್ದ. ನನ್ನ ಪಕ್ಕ ನಿಂತ ಅಜ್ಜಿಯೊಬ್ಬಳು, “ಅಯ್ಯೋ ದೇವ್ರೇ, ಯಾರಮ್ಮ ಇವನಿಗೆ ಹೆಣದ ಬಟ್ಟೆ ಉಡ್ಸಿರೋರು!” ಅಂದಳು. ಆಗ ಕಂಡಿತು. ಎದೆಯ ಮೇಲೆ ಓರೆಯಾಗಿ ಅಂಚಿನ ಮೂರು ಚೌಕ. ನನ್ನ ಕೈ ಮಗ್ಗಕ್ಕೆ ಬರೆದ ಹಾಗೆ ಬರೆದಿತ್ತು. ಇದು ಮಗ್ಗಕ್ಕೆ ಉಲ್ಟಾ ಬರೆಯುವುದೋ, ನೇರ ಬರೆಯುವುದೋ ಎಂದು ಮೊದಲ ವರ್ಷದ ಕಲಿಕೆಯವರೂ ನೋಡಿ ಬರೆಯುತ್ತಾರೆ.

ಅಳುತ್ತಾ ಮಕಾಬೆಯವರ ಬಳಿ ಹೋದೆ. ಅವರು ನಗತೊಡಗಿದರು. “ಅಳ್ಬೇಡ ಚಿಕಾಕೊ. ಯಾರಾದ್ರೂ ಕೇಳಿದ್ರೆ ನಾನೇ ಬರೆದೆ, ಬೇಕೂಂತ್ಲೇ ಬರೆದೆ ಅಂತೀನಿ. ಕಾರಣ ಕೇಳ್ಬೇಡಿ ಅಂದ್ಬಿಟ್ರೆ ಜನ ಇನ್ನೂ ದೊಡ್ಡ ಮನುಷ್ಯ ಅಂದ್ಕೋತಾರೆ” ಅಂದರು. ಅವರಿಗೆ ಯಾವ ತೀರಿಹೋದವರ ನೆನಪೂ ಕಾಡಿರಲಿಲ್ಲ. ನನ್ನನ್ನು ಕಾಯಲು ಆಡಿದ ಸುಳ್ಳು ಅದು.

ನನ್ನ ಹೆಸರು ಬಂದರೆ ಅಂಚಿನ ಕಥೆಯೂ ಬರುತ್ತದೆ. ಈ ಬೀದಿಯಲ್ಲಿ ಅಪ್ಪ ಇನ್ನೂ ತಲೆ ಎತ್ತಿ ನಡೆಯುತ್ತಾರೆ. ಮಗಳು ತಾನು ಕಲಿಸಿದ್ದನ್ನು ಆಟಿಕೆಗೆ ಮಾರಿದಳು, ಅದನ್ನೂ ತಪ್ಪಾಗಿ ಮಾಡಿದಳು ಎಂದು ಎಂಬತ್ತೆಂಟನೇ ವಯಸ್ಸಿನಲ್ಲಿ ಅವರು ಕೇಳಬೇಕೇ? ಮಕಾಬೆಯವರ ಹೆಸರೇ ಇರಲಿ. ಹೆಸರು ನೋಡುವ ಆಸೆ ನನಗಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೂ ಬೇಡ.

ಚಿಕಾಕೊ


ಟೋಕಿಯೊ
ನವೆಂಬರ್ 11, 2016

ಚಿಕಾಕೊ ಅಕ್ಕನಿಗೆ,

ಏಕವಚನದಲ್ಲಿ ಬೈದಿದ್ದೀರಿ, ಹಾಗಾಗಿ ಅಕ್ಕ ಎನ್ನುವ ಸಲುಗೆ ತೆಗೆದುಕೊಂಡಿದ್ದೇನೆ.

ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲ. ಆದರೆ ಗೊತ್ತಿದ್ದೂ ಗೊತ್ತಿದ್ದೂ ಇನ್ನೊಬ್ಬರ ಹೆಸರು ಬರೆಯಲು ನನಗೆ ಕೈ ಬರುತ್ತಿಲ್ಲ. ನಿನ್ನೆ ಸಭೆಯಲ್ಲಿ ಎದ್ದು ನಿಂತು, “ಅಯು ಮಕಾಬೆಯವರಲ್ಲ. ಯಾರೂಂತ ನಂಗೆ ಗೊತ್ತು, ಹೇಳೋಕಾಗಲ್ಲ” ಅಂದೆ. ಮ್ಯಾನೇಜರ್ ಹತ್ತು ನಿಮಿಷ ಬೈದರು. ಅರ್ಧ ಬೈಗುಳ ಮರೆತುಹೋದ ಉಡುಗೊರೆಗಿತ್ತು. ಕೊನೆಗೆ ನಿರ್ದೇಶಕಿಯೇ ನನ್ನ ಪರ ನಿಂತರು. ‘ಮೂಲಚಿತ್ರ’ ಎಂಬುದರ ಮುಂದೆ ಜಾಗ ಖಾಲಿ ಬಿಡುತ್ತಾರೆ. ಕಿರುಪುಸ್ತಕದಲ್ಲೂ ಕೊನೆಯ ಎರಡು ಸಂಗತಿಗಳ ಜಾಗ ಖಾಲಿ.

ಜನವರಿ 20ರವರೆಗೆ ಕಾಯುತ್ತೇನೆ. ಒತ್ತಾಯವಿಲ್ಲ. ಖಾಲಿ ಜಾಗವೂ ಸುಳ್ಳಿಗಿಂತ ಮೇಲು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ.

ಒಂದು ಮಾತು ಮಾತ್ರ. ಆಟದ ಯಂತ್ರ ಜಾಗ ಉಳಿಸಲು ಒಂದೇ ಚಿತ್ರವನ್ನು ಕನ್ನಡಿಯಂತೆ ತಿರುಗಿಸಿ ತೋರಿಸುತ್ತಿತ್ತಲ್ಲ. ಬಲಕ್ಕೆ ನಡೆಯುವಾಗ ಕಾಸಾಕಿಚಿಯ ಅಂಚು ತಪ್ಪು. ಎಡಕ್ಕೆ ತಿರುಗಿದ ಕೂಡಲೇ ಸರಿ. ನಾವೆಲ್ಲ ಮುಂದೆ ಹೋಗುವ ಆತುರದಲ್ಲಿ ಬಲಕ್ಕೇ ಓಡಿಸಿದೆವು, ಎಡಕ್ಕೆ ತಿರುಗಿಸಿ ನೋಡಿದವರೇ ಕಡಿಮೆ. ನಿನ್ನೆ ಮನೆಯಲ್ಲಿ ಹಳೆಯ ಆಟ ಹಾಕಿ ಅವನನ್ನು ಎಡಕ್ಕೇ ನಡೆಸಿದೆ. ಗೋಡೆಗೆ ಹಣೆ ತಾಗಿಸಿಕೊಂಡು ನಡೆಯುತ್ತಲೇ ಇದ್ದ, ಬದುಕಿದ್ದ.

ಟಕುಯಾ


ನಿಶಿಜಿನ್
ಜನವರಿ 6, 2017

ಟಕುಯಾ,

ಹೊಸ ವರ್ಷದ ಕಾರ್ಡು ಬಂತು. ‘ನಾಗುಮೊ ಟಕುಕೊ’ ಎಂದು ಬರೆದು ಪಕ್ಕದಲ್ಲಿ ಹೂ ಬೇರೆ. ಇನ್ನು ಅದರ ಅಗತ್ಯವಿಲ್ಲ.

ವರ್ಷದ ಕೊನೆಗೆ ಮನೆಯೆಲ್ಲ ತೊಳೆದು ಒರೆಸುವಾಗ ಅಪ್ಪನ ಕೈಗೆ ಕೆಲಸ ಕೊಡಬಾರದು, ಸುಮ್ಮನೆ ಕೂರಿಸಬೇಕು. ಗೊತ್ತಿದ್ದೂ ಹೊಲಿಗೆ ಪೆಟ್ಟಿಗೆ ಒರೆಸಲು ಕೊಟ್ಟೆ. ರೇಷ್ಮೆ ತುಂಡುಗಳ ಕೆಳಗೆ ಇಟ್ಟಿದ್ದೆ, ನೀನು ಕಳಿಸಿದ ನಕಲನ್ನು. ನಾನು ಬಕೆಟ್ ಹಿಡಿದು ಒಳಗೆ ಬಂದಾಗ ಅಪ್ಪ ಕಿಟಕಿಯ ಬಳಿ ಕೂತು, ದಾರ ಎಣಿಸುವ ಭೂತಗನ್ನಡಿಯಲ್ಲಿ ಅದನ್ನು ನೋಡುತ್ತಿದ್ದರು.

“ಇದು ಯಾರ ಕೈ?”

“ಆಫೀಸಿನ ಹಳೇ ಕಾಗದ ಅಪ್ಪ.”

“ಯಾವ ಆಫೀಸು ಅಂತ ಕೇಳ್ಲಿಲ್ಲ. ಕೈ ಯಾರ್ದು ಅಂತ ಕೇಳ್ದೆ.”

ನಾನು ಬಕೆಟ್ ಕೆಳಗಿಡಲೂ ಇಲ್ಲ.

“ಕೊಡೆ ಹಿಡಿದಿರೋ ಕಡೆ ಒಂದು ಚೌಕ ಬಿಟ್ಟಿದೆ,” ಅಂದರು. “ಕಾಲು ತುಂಬೋಕೆ ಮುಂಚೆ ನೆಲ ತುಂಬಿದೆ. ಇಡೀ ನಿಶಿಜಿನ್‌ನಲ್ಲಿ ಹೀಗೆ ತುಂಬೋಳು ಒಬ್ಳೇ. ಎಷ್ಟು ಸಲ ಬೈದಿದೀನಿ!”

ಎಲ್ಲ ಹೇಳಿದೆ. ಬಕೆಟ್ ಹಿಡಿದೇ ಹೇಳಿದೆ. ಮಕಾಬೆ, ಆಟ, ಅಂಗಡಿಯ ಅಜ್ಜಿ, ಹೆಣದ ಅಂಚು, ಎಲ್ಲ. ಅಪ್ಪ ತಲೆಯೆತ್ತಲಿಲ್ಲ. ಕಾಗದ ತಿರುಗಿಸಿ ಗಾಜಿಗೆ ಒತ್ತಿ, ಹಿಂದಿನಿಂದ ಬಹಳ ಹೊತ್ತು ನೋಡಿದರು.

“ಸರಿಯಾಗೇ ಇದೆಯಲ್ಲ.”

“ತಿರುಗ್ಸಿದ್ರೆ ಸರಿ ಅಪ್ಪ. ಆ ಯಂತ್ರ ಹೇಗೆ ಬರೆದಿದ್ರೆ ಹಾಗೇ ತೋರ್ಸತ್ತೆ.”

“ಹಾಗಾದ್ರೆ ತಪ್ಪು ಯಂತ್ರದ್ದು. ಬರಿಯೋಳ್ದಲ್ಲ.” ಆಮೇಲೆ ಭೂತಗನ್ನಡಿ ಒರೆಸುತ್ತಾ ಅಂದರು, “ಹದಿಮೂರು ವರ್ಷ ಆಫೀಸಲ್ಲಿ ಚಹಾ ಕೊಟ್ಟೆ ಅಂದ್ಯಲ್ಲ. ನಿನ್ನ ಚಹಾ ಕುಡಿಯೋನು ನಾನು. ಇದಕ್ಕೆ ಯಾರೂ ಸಂಬಳ ಕೊಡಲ್ಲ ಅಂತ ನಂಗಾಗ್ಲೇ ಅನುಮಾನ ಬಂದಿತ್ತು.”

ಟಕುಯಾ, ನಾನು ನಕ್ಕೆನೋ ಅತ್ತೆನೋ ತಿಳಿಯಲಿಲ್ಲ. ಬಕೆಟ್ಟಿನ ನೀರೆಲ್ಲ ಚಾಪೆಯ ಮೇಲೆ ಚೆಲ್ಲಿತು. ಅದಕ್ಕೆ ಮಾತ್ರ ಚೆನ್ನಾಗಿ ಬೈಸಿಕೊಂಡೆ.

ಹೆಸರು ಹಾಕು. ಒಂದು ಷರತ್ತು: ತೊಂಬತ್ತೊಂಬತ್ತನೆಯ ಸಂಗತಿ ಮಕಾಬೆಯವರ ಸುಳ್ಳು ಆಗಿರಬೇಕು. ಅದನ್ನು ಯಾಕೆ ಆಡಿದರು ಎಂದೂ ಬರೆಯಬೇಕು. ಅದು ನನ್ನ ಹೆಸರಿಗಿಂತ ಮೊದಲು ಬರಬೇಕು.

ಇನ್ನೊಂದು ಅಪ್ಪನ ಪ್ರಶ್ನೆ: “ಆ ಟಕುಕೊಗೆ ಮದುವೆ ಆಗಿದ್ಯಂತಾ?” ಗಂಡು ಹುಡುಗ ಅಂದೆ. “ಹಾಗಾದ್ರೆ ಅಕ್ಷರಕ್ಕೆ ಕ್ಷಮೆ ಇದೆ” ಅಂದರು.

ಚಿಕಾಕೊ


ಟೋಕಿಯೊ
ಫೆಬ್ರವರಿ 2, 2017

ಚಿಕಾಕೊ ಅಕ್ಕನಿಗೆ,

ತಮ್ಮ ಕಾಗದವನ್ನು ಎಲ್ಲರಿಗೂ ಓದಿ ಹೇಳಿದೆ. ಬಕೆಟ್ ಬಂದಾಗ ಮ್ಯಾನೇಜರ್ ಕನ್ನಡಕ ತೆಗೆದು ಒರೆಸಿಕೊಂಡರು.

ಆಮೇಲೆ ಗಲಾಟೆ ಶುರು. ಇಡೀ ಸಿನಿಮಾ ಕಾಸಾಕಿಚಿ ಸತ್ತವನೆಂದು ನಂಬಿ ಮಾಡಿದ್ದು. ಈಗ ಅವನು ಸತ್ತೇ ಇಲ್ಲವೆಂದರೆ? “ಎರಡು ತಿಂಗ್ಳಲ್ಲಿ ಯಾರನ್ನು ಬದುಕ್ಸೋಕಾಗತ್ತೆ?” ಎಂದು ಒಬ್ಬರು ಕಿರುಚಿದರು. ನಿರ್ದೇಶಕಿ ಕೊನೆಯ ದೃಶ್ಯ ಹಾಕಿಸಿದರು. ಅದರಲ್ಲಿ ಕಾಸಾಕಿಚಿ ನದಿ ಬಿಟ್ಟು ಮಂಜಿನೊಳಗೆ ಬಲಕ್ಕೆ ನಡೆದು ಮರೆಯಾಗುತ್ತಾನೆ. “ಇದನ್ನ ತಿರುಗ್ಸಿ” ಅಂದರು. ಅಷ್ಟೇ. ಒಂದು ಗುಂಡಿ ಒತ್ತಿದರು. ಕಾಸಾಕಿಚಿ ಎಡಕ್ಕೆ ತಿರುಗಿದ. ಎದೆಯ ಮೇಲಿನ ಮೂರು ಚೌಕವೂ ಜೊತೆಗೇ ತಿರುಗಿತು. ಮನೆ ಕಡೆ ಹೊರಟ ಹಾಗಾಯಿತು.

ಮಾರ್ಚ್ 18ಕ್ಕೆ ಎರಡು ಟಿಕೆಟ್ ಕಳಿಸಿದ್ದೇನೆ. ಪುಸ್ತಕದ ಪ್ರಕಾರ ಈಗ ಪ್ಲಮ್ ಹೂವಿನ ಪರಿಮಳದ ಬಗ್ಗೆ ಬರೆಯಬೇಕು. ಇಲ್ಲಿ ಹಿಮ ಬೀಳುತ್ತಿದೆ, ಚಳಿಗೆ ಬೆರಳು ಮರಗಟ್ಟಿದೆ. ನೋಡಿದ್ದನ್ನೇ ಬರೆದೆ, ಗಮನಿಸಿ.

ಟಕುಯಾ


ನಿಶಿಜಿನ್
ಮಾರ್ಚ್ 20, 2017

ಟಕುಯಾ,

ನಮ್ಮ ಬಾವಿಕಟ್ಟೆಯ ಪಕ್ಕದ ಪ್ಲಮ್ ಮರ ಈಗ ಹೂ ಬಿಟ್ಟಿದೆ. ನಿನ್ನ ಪುಸ್ತಕಕ್ಕೆ ತಿಳಿಸು, ಆರು ವಾರ ತಡ.

ಶನಿವಾರ ಅಪ್ಪ ಮದುವೆಗೆ ಉಡುವ ಕಪ್ಪು ನಿಲುವಂಗಿ ಉಟ್ಟು ಹೊರಟರು. ಟಾಕೀಸಿನ ತುಂಬ ಮಕ್ಕಳು, ಜೋಳದ ಅರಳು. ಸಿನಿಮಾದಲ್ಲಿ ಕಾಲು ಭಾಗ ನಿದ್ದೆ ಮಾಡಿದರು. ಕಪ್ಪೆರಾಯ ಬಂದಾಗ ಎದ್ದು, “ಇದು ಚಹಾದಂಗಡಿ ಛಾವಣಿ ಅಲ್ವೇನೇ?” ಅಂದರು. ಮುಂದಿನ ಸಾಲಿನ ಮಕ್ಕಳೆಲ್ಲ ತಿರುಗಿ ನೋಡಿದರು.

ಕಾಸಾಕಿಚಿ ಎಡಕ್ಕೆ ತಿರುಗಿದ. ನಾನು ಅಪ್ಪನ ತೋಳು ಹಿಡಿದುಕೊಂಡೆ. ಹೆಸರುಗಳು ಬರತೊಡಗಿದವು. ಮೀನಲ್ಲ, ಮನುಷ್ಯರ ಹೆಸರು, ನೂರಾರು. ನಮ್ಮ ಕಡೆ ಕೊನೆಯ ಹೆಸರು ಹೋಗುವವರೆಗೆ ಯಾರೂ ಉಸಿರೆತ್ತುವುದಿಲ್ಲವಲ್ಲ, ಆ ನಿಶ್ಶಬ್ದದಲ್ಲಿ ‘ಮೂಲಚಿತ್ರ: ಕಿತಾಜಿಮಾ ಚಿಕಾಕೊ’ ಎಂದು ಬಂತು. ನಾನು ಓದಿದೆ. ಅಪ್ಪ ಭೂತಗನ್ನಡಿಗಾಗಿ ಜೇಬು ತಡಕುತ್ತಿದ್ದರು.

“ಎಲ್ಲಿ? ಎಲ್ಲಿ?”

“ಹೋಯ್ತು ಅಪ್ಪ, ಮೇಲೆ ಹೋಯ್ತು.”

ಅಪ್ಪ ಕೋಲೂರಿ ಎದ್ದು ನಿಂತು ಪರದೆಗೆ ಗದರಿದರು: “ಏಯ್, ನಿಲ್ಸ್ರಯ್ಯ! ಹೀಗೆ ಓಡ್ಸಿದ್ರೆ ಓದೋದು ಹೇಗೆ? ಮೊದ್ಲಿಂದ!”

ಮೂವತ್ತೆರಡು ವರ್ಷದ ಮೇಲೆ ಕೇಳಿದೆ ಆ ‘ಮೊದ್ಲಿಂದ’. ಇಡೀ ಟಾಕೀಸು ನಕ್ಕಿತು. ನಾನು ಮಾತ್ರ ಹತ್ತು ವರ್ಷದ ಚೌಕಗಳೆಲ್ಲ ಒಟ್ಟಿಗೆ ನೆನಪಾಗಿ ಅತ್ತುಬಿಟ್ಟೆ.

ಮುಂದಿನ ಆಟಕ್ಕೂ ಟಿಕೆಟ್ ತೆಗೆಸಿದರು. ಈ ಸಲ ಮೊದಲೇ ಭೂತಗನ್ನಡಿ ಹಿಡಿದು ಕೂತು, ಹೆಸರು ಬಂದಾಗ ಎದ್ದರು. ಬಗ್ಗಿ ನಮಸ್ಕರಿಸಿದರು. ಪರದೆಗೋ ನನಗೋ ಮಕಾಬೆಯವರಿಗೋ ನಾನು ಕೇಳಲಿಲ್ಲ.

ಹಿಂತಿರುಗುವಾಗ ಬಸ್ಸಿನಲ್ಲಿ ನಿನ್ನ ಕಿರುಪುಸ್ತಕ ಓದಿದರು. ತೊಂಬತ್ತೊಂಬತ್ತನೆಯದನ್ನು ಎರಡು ಸಲ ಓದಿ, “ಒಳ್ಳೆ ಸುಳ್ಳುಗಾರ. ಅವನ ಸಮಾಧಿಗೆ ಅಕ್ಕಿ ಮದ್ಯ ತಗೊಂಡು ಹೋಗ್ಬೇಕು” ಅಂದರು. ನಾಳೆ ಬಾಟಲಿ ಹಿಡಿದು ಹೋಗುತ್ತಿದ್ದೇವೆ. ನನ್ನ ಹೆಸರಿರುವ ನೂರನೆಯದನ್ನು ಓದಿದ ಮೇಲೆ ಪುಸ್ತಕ ಮುಚ್ಚಿ ತೊಡೆಯ ಮೇಲಿಟ್ಟುಕೊಂಡರು. ನಾಲ್ಕು ನಿಲ್ದಾಣ ದಾಟಿದ ಮೇಲೆ ನನ್ನ ಪೆನ್ನು ಕೇಳಿದರು.

ಆ ಪುಟ ಜೊತೆಗಿಟ್ಟಿದ್ದೇನೆ, ನೋಡಿ ಹಿಂದಿರುಗಿಸು. ನೂರರ ಕೆಳಗೆ, ಬಸ್ಸಿನ ಕುಲುಕಾಟದಲ್ಲೂ ಒಂದು ಗೆರೆ ಅಲುಗದ ಹಾಗೆ ಬರೆದಿದ್ದಾರೆ:

‘ನೂರ ಒಂದು. ಇವಳಿಗೆ ಕಲಿಸಿದವನು ನಾನು. ಕಿತಾಜಿಮಾ ಯಾಸುಜಿ.’

ನಿನ್ನ ಅಕ್ಕ,
ಚಿಕಾಕೊ

ಮರೆತಿದ್ದೆ: ನಿನಗೊಂದು ಕಾಪಿ ಪುಸ್ತಕವನ್ನೂ ಕಳಿಸಿದ್ದಾರೆ. ದಿನಕ್ಕೊಂದು ಪುಟವಂತೆ. ತಪ್ಪಿದರೆ ಏನು ಮಾಡಬೇಕೆಂದು ನಿನಗೆ ಗೊತ್ತಿದೆ.